ಕಂಪ್ಯೂಟರ್ ‘ಇಲ್ಲ’ ಅಂದರೆ ಯಾರನ್ನು ಕೇಳೋದು?

ಹೋದ ವರ್ಷ ಮೃಗಶಿರಾ ಮಳೆ ಹೊತ್ತಿಗೆ ಎರಡು ಎಮ್ಮೆ ತರಬೇಕು ಅಂತ ಮನಸ್ಸು ಮಾಡಿದೆ. ನಮ್ಮದು ಸೇಡಂ ಕಡೆಯ ಎರೆ ಭೂಮಿ, ಮಳೆಯಾಶ್ರಿತ. ತೊಗರಿ ಒಂದನ್ನೇ ನಂಬಿ ಕೂತರೆ ರಾಶಿ ಆಗುವ ತನಕ ಕೈಯಲ್ಲಿ ಕಾಸಿರುವುದಿಲ್ಲ. ಮನೆಯಲ್ಲಿ ಹಾಲಿದ್ದರೆ ವಾರದ ಸಂತೆ ಖರ್ಚಾದರೂ ನಡೀತದೆ ಅನ್ನೋ ಲೆಕ್ಕ.

ಒಂದು ಫೈನಾನ್ಸ್ ಕಂಪನಿಯ ಹುಡುಗ ಮನೆಗೇ ಬಂದ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲಾ ಫೋನಿನಲ್ಲಿ ಫೋಟೋ ಹೊಡೆದುಕೊಂಡ. ನನ್ನ ಮುಖದ್ದೂ ಒಂದು ತೆಗೆದ. “ಹತ್ತು ನಿಮಿಷ ಕಾಕಾ” ಅಂದ. ಹತ್ತು ನಿಮಿಷವೂ ಬೇಕಾಗಲಿಲ್ಲ. ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂತು. ಸದ್ಯಕ್ಕೆ ನಿಮಗೆ ಸಾಲ ಕೊಡಲು ಆಗುವುದಿಲ್ಲ, ಅಷ್ಟೇ.

“ಯಾಕಪ್ಪಾ?” ಅಂದೆ.

“ಸಿಸ್ಟಮ್ ತಗೊಳ್ಳವಲ್ದು ಕಾಕಾ. ನನ್ನ ಕೈಯಾಗ ಏನೂ ಇಲ್ರಿ.”

“ನಿಮ್ಮ ಮ್ಯಾನೇಜರಿಗೆ ಕೇಳು.”

“ಅವರಿಗೂ ಕಾರಣ ಕಾಣಂಗಿಲ್ರಿ.”

ಸೊಸೈಟಿ ಸಾಲ ನಾನು ಪ್ರತಿ ವರ್ಷ ಚುಕ್ತಾ ಮಾಡಿದವನು. ಅದೇ ವಾರ ಸುರಪುರ ಕಡೆ ಇರುವ ನನ್ನ ಹೆಂಡತಿಯ ತಮ್ಮನಿಗೆ ಅದೇ ಕಂಪನಿ ಸಾಲ ಕೊಟ್ಟಿತು. ಅವನಿಗೂ ಆರೇ ಎಕರೆ, ನನಗೂ ಆರೇ ಎಕರೆ. ಅವನ ಹೊಲಕ್ಕೆ ನಾರಾಯಣಪುರ ಎಡದಂಡೆ ಕಾಲುವೆ ನೀರು ಬರ್ತದೆ, ನನ್ನದಕ್ಕೆ ಮುಗಿಲೇ ಗತಿ. ಅವನಿಗೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ನನಗೆ ಯಾಕೆ ಇಲ್ಲ ಅನ್ನೋದು ತಿಳೀಬೇಕಿತ್ತು. ಕೊನೆಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದು ಒಂದೇ ಎಮ್ಮೆ ಕಟ್ಟಿದೆ. ಆ ಬಡ್ಡಿ ಇವತ್ತಿಗೂ ಕಟ್ಟುತ್ತಿದ್ದೇನೆ.

ಮಗಳು ಕಲಬುರಗಿಯಲ್ಲಿ ಕಾನೂನು ಓದುತ್ತಾಳೆ. ದೀಪಾವಳಿಗೆ ಬಂದಾಗ ಇದನ್ನೆಲ್ಲ ಕೇಳಿ, “ಅಪ್ಪಾ, ಇದು ನಿನ್ನೊಬ್ಬನ ಕಥಿ ಅಲ್ಲ. ಬ್ಯಾರೆ ದೇಶದಾಗ ಇದಕ್ಕಂತಲೇ ಕಾನೂನು ಮಾಡಾಕ ಹತ್ಯಾರ” ಅಂದಳು. ರಜೆ ಮುಗಿಯುವ ತನಕ ರಾತ್ರಿ ಊಟ ಆದ ಮೇಲೆ ಅವಳು ಓದಿ ಹೇಳಿದಳು, ನಾನು ನೋಟ್‌ಬುಕ್ಕಿನಲ್ಲಿ ಬರಕೊಂಡೆ. ನಾನು ಏಳನೇ ಇಯತ್ತೆ ತನಕ ಓದಿದವನು. ನನಗೆ ತಿಳಿದ ರೀತಿಯಲ್ಲೇ ಇಲ್ಲಿ ಬರೆಯುತ್ತೇನೆ.

ಜರಡಿಯ ತೂತು

ಅಲ್ಗಾರಿದಮ್ ಅನ್ನೋ ಶಬ್ದ ಕೇಳಿ ಹೆದರಬೇಕಿಲ್ಲ. ‘ಹೀಗಿದ್ದರೆ ಹೀಗೆ ಮಾಡು’ ಅನ್ನುವ ಕಟ್ಟಳೆಗಳ ಸಾಲು ಅದು. ಹಸಿ ಗೇಣುದ್ದ ಇಳಿದಿದ್ದರೆ ಬಿತ್ತು, ಇಲ್ಲದಿದ್ದರೆ ಕಾಯಿ ಅಂತೀವಲ್ಲ, ಅದೂ ಅಂಥದ್ದೇ. ಮೊದಲು ಈ ಕಟ್ಟಳೆಗಳನ್ನು ಮನುಷ್ಯರು ಬರೆದು ಕಂಪ್ಯೂಟರಿಗೆ ಕೊಡುತ್ತಿದ್ದರು. ಈಗ ಹಳೆಯ ಕಡತಗಳನ್ನೇ ಅದಕ್ಕೆ ಉಣಿಸುತ್ತಾರೆ. ಯಾರಿಗೆ ಸಾಲ ಕೊಟ್ಟಿತ್ತು, ಯಾರು ತೀರಿಸಿದರು, ಯಾರು ಬಾಕಿ ಉಳಿದರು, ಅವರ ಊರು ಯಾವುದು, ಕಸುಬು ಏನು ಎಲ್ಲಾ. ಅದರಿಂದ ಯಂತ್ರವೇ ತನಗೊಂದು ಕಟ್ಟಳೆ ಮಾಡಿಕೊಳ್ಳುತ್ತದೆ. ಎಷ್ಟೋ ಸಲ ಅದನ್ನು ಮಾಡಿದವರಿಗೂ ಒಳಗಿನ ಲೆಕ್ಕ ಬಿಡಿಸಿ ಹೇಳಲು ಬರುವುದಿಲ್ಲ.

“ಯಂತ್ರಕ್ಕೆ ಜಾತಿ ಇಲ್ಲ, ಮುಖ ನೋಡುವುದಿಲ್ಲ, ಹಾಗಾಗಿ ಭೇದ ಮಾಡುವುದಿಲ್ಲ” ಅಂತ ಹೇಳುವವರಿದ್ದಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮ ಜರಡಿಯನ್ನೇ ನೋಡಿ. ಈ ಕಾಳು ಯಾರ ಹೊಲದ್ದು ಅಂತ ಜರಡಿ ಕೇಳುವುದಿಲ್ಲ. ಅದಕ್ಕೆ ತೂತಿನ ಅಳತೆ ಮಾತ್ರ ಗೊತ್ತು. ಮಳೆ ಕೈಕೊಟ್ಟ ವರ್ಷ ನಮ್ಮ ತೊಗರಿ ಸಣ್ಣಗಾಗಿರುತ್ತದೆ, ನೀರಾವರಿಯವರದು ದಪ್ಪ ಇರುತ್ತದೆ. ದೊಡ್ಡ ತೂತಿನ ಜರಡಿ ಹಿಡಿದರೆ ಕೆಳಗೆ ಬೀಳುವುದೆಲ್ಲ ಒಣಬೇಸಾಯದವರ ಕಾಳೇ. ಜರಡಿ ಯಾರ ಹೆಸರೂ ಹೇಳಲಿಲ್ಲ, ಆದರೂ ಒಂದು ವರ್ಗದವರನ್ನೇ ಆರಿಸಿ ಹೊರಗೆ ಹಾಕಿತು. ಆ ಸಣ್ಣ ಕಾಳು ಬೇಳೆಗೆ ಬರುವುದೇ ಇಲ್ಲ ಅಂತಾದರೆ ಒಪ್ಪೋಣ. ಬೇಳೆಗೆ ಬರುತ್ತಿದ್ದರೂ ಬೀಳಿಸಿದರೆ ತಪ್ಪು ತೂತಿನದು. ಆ ಜರಡಿಯನ್ನು ಆರಿಸಿದವನದೂ ಹೌದು.

ಈ ಮಾತನ್ನು ಅಮೆರಿಕದ ಸುಪ್ರೀಂ ಕೋರ್ಟು ಕಂಪ್ಯೂಟರ್ ಈ ಕೆಲಸಕ್ಕೆ ಬರುವ ಎಷ್ಟೋ ವರ್ಷ ಮೊದಲೇ, 1971ರಲ್ಲಿ ಹೇಳಿದೆ. ಮಗಳು ಓದಿದ್ದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಇದೇ.

ಕರಿಯ ಕೂಲಿಗಳ ಮೊಕದ್ದಮೆ

ಅಮೆರಿಕದಲ್ಲಿ ಕರಿಯರನ್ನು ಗುಲಾಮರಾಗಿ ಇಟ್ಟಿದ್ದರು. ಗುಲಾಮಗಿರಿ ಹೋದ ಮೇಲೂ ಸುಮಾರು ನೂರು ವರ್ಷ ದಕ್ಷಿಣದ ರಾಜ್ಯಗಳಲ್ಲಿ ಅವರಿಗೆ ಬೇರೆ ಶಾಲೆ, ಬೇರೆ ಸೀಟು, ಬೇರೆ ಬಾಗಿಲು. ದೊಡ್ಡ ಹೋರಾಟ ನಡೆದು 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಬಣ್ಣ ನೋಡಿ ಕೆಲಸ ಕೊಡುವಂತಿಲ್ಲ, ತೆಗೆಯುವಂತಿಲ್ಲ ಅಂತಾಯಿತು.

ಉತ್ತರ ಕೆರೊಲಿನಾ ರಾಜ್ಯದಲ್ಲಿ ಡ್ಯೂಕ್ ಪವರ್ ಅಂತ ಒಂದು ವಿದ್ಯುತ್ ಕಂಪನಿ. ಅದರ ಒಂದು ಸ್ಥಾವರದಲ್ಲಿ ಐದು ವಿಭಾಗ. ಕರಿಯರಿಗೆ ಕೂಲಿ ವಿಭಾಗ ಒಂದರಲ್ಲೇ ಕೆಲಸ. ಅಲ್ಲಿನ ಅತಿ ಹೆಚ್ಚಿನ ಪಗಾರ ಉಳಿದ ನಾಲ್ಕು ವಿಭಾಗದ ಅತಿ ಕಡಿಮೆ ಪಗಾರಕ್ಕಿಂತಲೂ ಕಡಿಮೆ. ಹೊಸ ಕಾಯ್ದೆ ಜಾರಿಗೆ ಬಂದ ಮೇಲೆ ಕಂಪನಿ ಬಣ್ಣದ ಮಾತೇ ಎತ್ತಲಿಲ್ಲ. ಮೇಲಿನ ವಿಭಾಗಕ್ಕೆ ಹೋಗಬೇಕಾದರೆ ಹೈಸ್ಕೂಲು ಪಾಸಾಗಿರಬೇಕು, ಇಲ್ಲವೆ ಬುದ್ಧಿಯ ಪರೀಕ್ಷೆ ಪಾಸು ಮಾಡಬೇಕು ಅಂದಿತು. ಎಲ್ಲರಿಗೂ ಒಂದೇ ನಿಯಮ, ಮೇಲುನೋಟಕ್ಕೆ ನ್ಯಾಯವೇ.

ಆದರೆ 1960ರ ಜನಗಣತಿ ಪ್ರಕಾರ ಆ ರಾಜ್ಯದಲ್ಲಿ ಹೈಸ್ಕೂಲು ಮುಗಿಸಿದ ಬಿಳಿ ಗಂಡಸರು ನೂರಕ್ಕೆ 34, ಕರಿಯರು ನೂರಕ್ಕೆ 12. ಶಾಲೆಗೇ ಸರಿಯಾಗಿ ಬಿಡದೆ ಆಮೇಲೆ ಸರ್ಟಿಫಿಕೇಟ್ ಕೇಳಿದರೆ ಇನ್ನೇನಾಗುತ್ತದೆ? ಇನ್ನೊಂದು ಮಾತು. ನಿಯಮ ಬರುವ ಮೊದಲೇ ಸೇರಿದ್ದ ಬಿಳಿಯರಲ್ಲಿ ಹೈಸ್ಕೂಲು ಕಾಣದವರೂ ಇದ್ದರು, ಅವರು ಆ ಕೆಲಸವನ್ನು ಚೆನ್ನಾಗಿಯೇ ಮಾಡಿಕೊಂಡಿದ್ದರು. ಅಂದರೆ ಕೆಲಸಕ್ಕೆ ಆ ಓದು ಬೇಕಿರಲಿಲ್ಲ.

13 ಜನ ಕರಿಯ ಕೂಲಿಗಳು ಕೋರ್ಟಿಗೆ ಹೋದರು. 1971ರ ಮಾರ್ಚ್‌ನಲ್ಲಿ ನ್ಯಾಯಾಧೀಶರೆಲ್ಲ ಒಂದೇ ಮಾತಾಗಿ ತೀರ್ಪು ಕೊಟ್ಟರು. ಮಾಲೀಕನ ಮನಸ್ಸಿನಲ್ಲಿ ಕೆಟ್ಟದ್ದಿತ್ತೋ ಇಲ್ಲವೋ ಅನ್ನೋದು ಮುಖ್ಯವಲ್ಲ, ನಿಯಮದ ಪೆಟ್ಟು ಯಾರ ಮೇಲೆ ಬೀಳುತ್ತದೆ ಅಂತ ನೋಡಬೇಕು. ಆ ನಿಯಮ ಕೆಲಸಕ್ಕೆ ನಿಜವಾಗಿ ಬೇಕು ಅಂತ ತೋರಿಸುವ ಹೊಣೆ ಕಂಪನಿಯದು, ಕೂಲಿಯದ್ದಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಇದನ್ನು ಬರೆದುಕೊಳ್ಳುವಾಗ ಪೆನ್ನು ಸ್ವಲ್ಪ ನಿಂತಿತು.

ಯಂತ್ರದ ಕಾನೂನಿಗೂ ಇದೇ ತಳಪಾಯ. ಯಂತ್ರಕ್ಕೆ ಕೆಟ್ಟ ಮನಸ್ಸು ಇರುವುದಿಲ್ಲ. ‘ಉದ್ದೇಶ ತೋರಿಸು’ ಅಂತ ಹಠ ಹಿಡಿದರೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ. ಫಲ ನೋಡಿಯೇ ತೀರ್ಮಾನಿಸಬೇಕು.

ಸಾಲದ ವಿಷಯದಲ್ಲಿ ಅಲ್ಲಿ ಇನ್ನೂ ಒಂದು ಕಥೆ ಇದೆ. 1930ರ ದಶಕದಲ್ಲಿ ಊರುಗಳ ನಕಾಶೆ ಮಾಡಿ, ಕರಿಯರು ವಾಸವಿದ್ದ ಕೇರಿಗಳನ್ನು ಕೆಂಪು ಬಣ್ಣದಲ್ಲಿ ಗುರುತು ಮಾಡಿ, ಅಲ್ಲಿ ಸಾಲ ಕೊಡುವುದು ಅಪಾಯ ಅಂದಿದ್ದರು. ಹೀಗಾಗಿ ಅಲ್ಲಿ ಪಿನ್‌ಕೋಡ್ ಹೇಳಿದರೆ ಎಷ್ಟೋ ಕಡೆ ಬಣ್ಣ ಹೇಳಿದ ಹಾಗೆಯೇ. ನಮ್ಮಲ್ಲಿ ಊರು, ಕೇರಿ, ತಾಂಡಾ ಬೇರೆ ಬೇರೆ ಇರುವುದನ್ನು ನೆನೆಸಿಕೊಂಡರೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ರೈತರಿಗೂ ಹೀಗೇ ಆಗಿದೆ. ಸರ್ಕಾರದ ಕೃಷಿ ಇಲಾಖೆ ಸಾಲ ಕೊಡುವಾಗ ಕರಿಯ ರೈತರ ಅರ್ಜಿಗಳನ್ನು ತಡೆಹಿಡಿಯುತ್ತದೆ, ತಿರಸ್ಕರಿಸುತ್ತದೆ ಅಂತ ಅವರು ಮೊಕದ್ದಮೆ ಹೂಡಿದರು. ಬಿತ್ತನೆ ಮುಗಿದ ಮೇಲೆ ಬಂದ ಸಾಲ ಯಾವ ಉಪಯೋಗಕ್ಕೆ? 1999ರಲ್ಲಿ ರಾಜಿಯಾಗಿ ಇಲಾಖೆ ಪರಿಹಾರ ಕೊಡಬೇಕಾಯಿತು. ತಪ್ಪಿ ಉಳಿದವರಿಗಾಗಿ 2010ರಲ್ಲಿ ಮತ್ತೆ 125 ಕೋಟಿ ಡಾಲರಿನ ರಾಜಿ ಆಯಿತು. ಅಲ್ಲಿ ತಪ್ಪು ಮಾಡಿದವರು ಮನುಷ್ಯರು, ಊರೂರಿನ ಸಮಿತಿಗಳು. ಈಗ ಯೋಚನೆ ಮಾಡಿ. ಆ ಸಮಿತಿಗಳ ಹಳೆಯ ಕಡತವನ್ನೇ ಯಂತ್ರಕ್ಕೆ ಪಾಠ ಅಂತ ಕೊಟ್ಟರೆ ಅದು ಏನು ಕಲಿಯುತ್ತದೆ? ಕಳೆ ಬೀಜ ಬೆರೆತ ಬಿತ್ತನೆಯನ್ನು ಎಷ್ಟೇ ಒಳ್ಳೆಯ ಕೂರಿಗೆಯಿಂದ ಬಿತ್ತಿದರೂ ಕಳೆ ಸಾಲಾಗಿ ಏಳುತ್ತದೆ.

ಕಾನೂನಿನಲ್ಲಿ ಏನೇನು ಬರೆಯುತ್ತಾರೆ

ಅಮೆರಿಕದಲ್ಲಿ 1974ರಿಂದಲೇ ಸಾಲದ ಸಮಾನ ಅವಕಾಶದ ಕಾಯ್ದೆ ಇದೆ. ಸಾಲ ಕೊಡದಿದ್ದರೆ ಯಾಕೆ ಅಂತ ಅರ್ಜಿದಾರನಿಗೆ ನಿರ್ದಿಷ್ಟ ಕಾರಣ ತಿಳಿಸಬೇಕು. ಗ್ರಾಹಕರ ಹಣಕಾಸು ರಕ್ಷಣೆಯ ಸರ್ಕಾರಿ ಕಚೇರಿ 2022ರಲ್ಲಿ ಒಂದು ಮಾತು ಹೇಳಿತ್ತು. ನಮ್ಮ ಯಂತ್ರದ ಲೆಕ್ಕ ಬಹಳ ಗೋಜಲು, ನಮಗೇ ತಿಳಿಯುವುದಿಲ್ಲ ಅಂತ ನೆವ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ ಅಂತ. ನನ್ನ ಮನೆಗೆ ಬಂದಿದ್ದ ಹುಡುಗ ಹೇಳಿದ್ದು ಅದೇ ನೆವ ಅಲ್ಲವೇ?

2024ರ ಸೆಪ್ಟೆಂಬರಿನಲ್ಲಿ ಸೆನೆಟರ್ ಎಡ್ ಮಾರ್ಕಿ ಎನ್ನುವವರು ಅಲ್ಲಿನ ಸಂಸತ್ತಿನಲ್ಲಿ ಇದಕ್ಕೆಂದೇ ಒಂದು ಮಸೂದೆ ಮಂಡಿಸಿದರು. ಕೃತಕ ಬುದ್ಧಿಮತ್ತೆಯ ನಾಗರಿಕ ಹಕ್ಕುಗಳ ಮಸೂದೆ ಅಂತ ಅದರ ಹೆಸರು. ಕೆಲಸ, ಸಾಲ, ಆಸ್ಪತ್ರೆ, ಮನೆ, ಸರ್ಕಾರಿ ಸೌಲಭ್ಯ, ಹೀಗೆ ಬಾಳಿಗೆ ಪೆಟ್ಟು ಕೊಡುವ ತೀರ್ಮಾನಗಳಲ್ಲಿ ಯಂತ್ರ ಬಳಸುವುದಾದರೆ ಬಳಸುವ ಮೊದಲು ಹೊರಗಿನವರಿಂದ ತಪಾಸಣೆ ಆಗಬೇಕು, ಬಳಸಿದ ಮೇಲೂ ಯಾರ ಮೇಲೆ ಏನು ಪರಿಣಾಮ ಆಯಿತು ಅಂತ ಲೆಕ್ಕ ಕೊಡಬೇಕು. ಬೇಕು ಅಂದವರಿಗೆ ಮನುಷ್ಯನ ಮುಂದೆ ಹೋಗುವ ದಾರಿ ಇರಬೇಕು. ಅನ್ಯಾಯ ಆದವನು ತಾನೇ ಕೋರ್ಟಿಗೆ ಹೋಗಬಹುದು. ಆ ಸಂಸತ್ತಿನ ಅವಧಿ ಮುಗಿಯಿತು, ಮಸೂದೆ ಪಾಸಾಗಲಿಲ್ಲ. ಕೊಲರಾಡೊ ರಾಜ್ಯ ಮಾತ್ರ 2024ರ ಮೇ ತಿಂಗಳಲ್ಲಿ ತನ್ನದೇ ಕಾಯ್ದೆ ಮಾಡಿತು, ಆದರೆ 2025ರಲ್ಲಿ ಅದರ ಜಾರಿಯ ದಿನವನ್ನು 2026ರ ಜೂನ್‌ಗೆ ಮುಂದೆ ಹಾಕಿದರು. ಅದೇ 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಟ್ರಂಪ್, ‘ಫಲ ನೋಡಿ ಭೇದ ಗುರುತಿಸುವ’ ಕ್ರಮವನ್ನು ಸರ್ಕಾರಿ ಕಚೇರಿಗಳು ಆದಷ್ಟು ಕೈಬಿಡಬೇಕು ಅಂತ ಆದೇಶ ಹೊರಡಿಸಿದರು. ಕೂಲಿಗಳು ಗೆದ್ದದ್ದನ್ನು ಹಿಂದಕ್ಕೆಳೆಯುವ ಕೆಲಸವೂ ನಡೆದೇ ಇದೆ ಅನ್ನಿ.

ಯುರೋಪಿನವರು ಪೆಟ್ಟು ತಿಂದು ಕಲಿತರು. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಗೆ ಕೊಡುವ ಸಹಾಯಧನದಲ್ಲಿ ಮೋಸ ಹಿಡಿಯಲು ತೆರಿಗೆ ಇಲಾಖೆ ಒಂದು ಯಂತ್ರ ಇಟ್ಟಿತ್ತು. ಅರ್ಜಿದಾರ ಡಚ್ ಪ್ರಜೆ ಹೌದೋ ಅಲ್ಲವೋ ಅನ್ನುವುದೂ ಅದು ಸಂಶಯ ಪಡುವ ಗುರುತುಗಳಲ್ಲಿ ಒಂದಾಗಿತ್ತು. ಸಾವಿರಾರು ತಾಯಿ ತಂದೆಯರ ಮೇಲೆ ಮೋಸಗಾರರು ಅಂತ ಸುಳ್ಳು ಹಣೆಪಟ್ಟಿ ಬಿತ್ತು, ತಗೊಂಡ ಹಣವನ್ನೆಲ್ಲ ವಾಪಸ್ ಕಟ್ಟಿ ಅಂದರು. ಮನೆಮಠ ಕಳಕೊಂಡವರಿದ್ದಾರೆ. 2021ರ ಜನವರಿಯಲ್ಲಿ ಆ ದೇಶದ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಯುರೋಪಿನ ಕೃತಕ ಬುದ್ಧಿಮತ್ತೆ ಕಾಯ್ದೆ 2024ರ ಆಗಸ್ಟ್ 1ರಂದು ಬಂತು, ಹಂತ ಹಂತವಾಗಿ ಜಾರಿ ಅಂತ ಇಟ್ಟಿದ್ದಾರೆ. ಸಾಲಕ್ಕೆ ಯೋಗ್ಯರೋ, ಸರ್ಕಾರಿ ನೆರವಿಗೆ ಅರ್ಹರೋ ಅಂತ ತೂಗುವ ಯಂತ್ರಗಳನ್ನು ಅದರಲ್ಲಿ ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿದ್ದಾರೆ.

ಗಡಿಯಾಚೆ ಏನಾಯ್ತು

ಅಮೆರಿಕ, ಯುರೋಪು ದೂರದ ಮಾತು ಅನ್ನಿಸಬಹುದು. ಆದರೆ ನಮ್ಮ ಸೇಡಂ ದಾಟಿದರೆ ತೆಲಂಗಾಣ. ಅಲ್ಲಿ 2016ರಿಂದ ‘ಸಮಗ್ರ ವೇದಿಕ’ ಅಂತ ಒಂದು ಏರ್ಪಾಡು ಇದೆ. ಬೇರೆ ಬೇರೆ ಇಲಾಖೆಯ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿ, ಈ ರೇಷನ್ ಕಾರ್ಡಿನವನಿಗೆ ಕಾರಿದೆ, ಆಸ್ತಿ ಇದೆ ಅಂತ ಕಂಪ್ಯೂಟರ್ ಹೇಳುತ್ತದೆ. ಜೋಡಿಸುವುದು ಹೇಗೆ? ಹೆಸರು, ವಿಳಾಸ ಎಷ್ಟು ಹೋಲುತ್ತದೆ ಅಂತ ನೋಡಿ. ನಮ್ಮ ಊರಿನಲ್ಲೇ ‘ಶರಣಪ್ಪನ ಮಗ ಬಸಪ್ಪ’ ಮೂವರಿದ್ದಾರೆ. ಒಬ್ಬನಿಗೆ ಬರುವ ಮದುವೆ ಕಾರ್ಡು ಇನ್ನೊಬ್ಬನ ಮನೆಗೆ ಹೋಗುತ್ತದೆ. ಕಾರ್ಡಾದರೆ ನಕ್ಕು ಕೊಟ್ಟು ಕಳಿಸಬಹುದು.

ಹೈದರಾಬಾದಿನ ಒಬ್ಬ ಬಡ ವಿಧವೆಯ ಕಾರ್ಡು ಹೀಗೆ ಹೋಯಿತು. ರಿಕ್ಷಾ ಎಳೆದು ಬದುಕಿದ ಗಂಡ ಕಾರಿನ ಮಾಲೀಕ ಅಂತ ಯಂತ್ರ ಹೇಳಿತ್ತು. ಅದು ಹೋಲುವ ಹೆಸರಿನ ಇನ್ಯಾರದೋ ಕಾರು. ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2022ರಲ್ಲಿ ಅಕ್ಕಿ ವಾಪಸ್ ಸಿಕ್ಕಿತು. ಅಷ್ಟರಲ್ಲಿ ಎಷ್ಟು ವರ್ಷದ ಅಕ್ಕಿ ಹೋಯಿತು, ಲೆಕ್ಕ ಹಾಕಿ.

2014ರಿಂದ 2019ರ ತನಕ ಆ ರಾಜ್ಯದಲ್ಲಿ 18 ಲಕ್ಷಕ್ಕೂ ಮೇಲೆ ಕಾರ್ಡುಗಳು ನೋಟಿಸ್ ಇಲ್ಲದೆ ರದ್ದಾದವು. ಎಲ್ಲವೂ ಯಂತ್ರದಿಂದಲೇ ಅಂತ ಅಲ್ಲ. ಸುಪ್ರೀಂ ಕೋರ್ಟು 2022ರ ಏಪ್ರಿಲ್‌ನಲ್ಲಿ, 2016ರಿಂದ ಈಚೆ ರದ್ದಾದವುಗಳನ್ನು ಮನೆಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಅಂದಿತು. ಜುಲೈ ಹೊತ್ತಿಗೆ 2,05,734 ಅರ್ಜಿ ನೋಡಿದ್ದರು, ಅದರಲ್ಲಿ 15,471 ಮಂಜೂರಾದವು. ನೂರಕ್ಕೆ ಏಳೂವರೆ. ಕ್ವಿಂಟಲಿಗೆ ಏಳೂವರೆ ಕಿಲೋ ಒಳ್ಳೆಯ ಕಾಳು ಹೊಟ್ಟಿನ ಜೊತೆ ಹೋಯಿತು ಅಂದರೆ ನಾವು ರಾಶಿ ನಿಲ್ಲಿಸಿ ಮಷೀನಿನವನ ಜೊತೆ ಜಗಳ ತೆಗೆಯುತ್ತೇವೆ.

ನಮ್ಮ ಕೈಯಲ್ಲಿರುವುದು

ನಮ್ಮಲ್ಲಿ 1955ರ ಕಾಯ್ದೆ ಇದೆ. ಮೊದಲು ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅಂತಿತ್ತು, 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತಾಯಿತು. ಬಾವಿ, ಹೋಟೆಲು, ಗುಡಿ, ಅಂಗಡಿಗಳಲ್ಲಿ ಅಸ್ಪೃಶ್ಯತೆ ಆಚರಿಸಿದವನಿಗೆ ಶಿಕ್ಷೆ. ಆ ಕಾಯ್ದೆ ಬರೆದವರ ಕಣ್ಣ ಮುಂದೆ ಬಾಗಿಲಲ್ಲಿ ಅಡ್ಡ ನಿಂತ ಒಬ್ಬ ಮನುಷ್ಯ ಇದ್ದ. ಈಗ ಬಾಗಿಲಲ್ಲಿ ಯಾರೂ ಇಲ್ಲ, ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಸಂವಿಧಾನದ 14 ಮತ್ತು 15ನೇ ಕಲಂ ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತವೆ, ಖಾಸಗಿ ಸಾಲ ಕಂಪನಿಯನ್ನು ನೇರವಾಗಿ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ಬಗ್ಗೆ ತಪ್ಪು ಮಾಹಿತಿ ಇದ್ದರೆ ತಿದ್ದಿಸುವ ಹಕ್ಕು ಬರೆದಿದ್ದಾರೆ. ಯಂತ್ರದ ತೀರ್ಮಾನಕ್ಕೆ ಕಾರಣ ಕೇಳುವ ಹಕ್ಕು ಅದರಲ್ಲಿ ಬರೆದಿಲ್ಲ.

ಹಾಗಂತ ಕೈ ಕಟ್ಟಿ ಕೂರಬೇಕಿಲ್ಲ. ಸರ್ಕಾರಿ ಕಚೇರಿಯ ತೀರ್ಮಾನವಾದರೆ ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಡಿ) ಕಲಂ ಹಿಡಿಯಿರಿ. ಆಡಳಿತದ ತೀರ್ಮಾನದಿಂದ ಬಾಧಿತನಾದವನಿಗೆ ಕಾರಣ ಕೊಡಬೇಕು ಅಂತ ಅಲ್ಲಿದೆ. ‘ಕಂಪ್ಯೂಟರ್ ತೆಗೆದುಹಾಕಿದೆ’ ಅನ್ನುವುದು ಕಾರಣ ಅಲ್ಲ. ಬ್ಯಾಂಕಾದರೆ, ಸಾಲದ ಅರ್ಜಿ ತಿರಸ್ಕರಿಸಿದ್ದಕ್ಕೆ ಮುಖ್ಯ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2003ರಲ್ಲಿ ಸಣ್ಣ ಸಾಲಗಳಿಗೆ ಹೇಳಿತ್ತು, 2007ರಲ್ಲಿ ಎಲ್ಲ ಸಾಲಗಳಿಗೂ ವಿಸ್ತರಿಸಿತು. ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನನಗಂತೂ ಗೊತ್ತಿರಲಿಲ್ಲ. ಕೇಳುವಾಗ ಬಾಯಿಮಾತಿನಲ್ಲಿ ಕೇಳಬೇಡಿ. ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.

ಸಿಬಿಲ್ ಅಂತೀವಲ್ಲ, ಆ ಥರದ ಪ್ರತಿ ಕಂಪನಿಯಿಂದ ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ ಪಡೆಯಬಹುದು. ಅದರಲ್ಲಿ ನಿಮ್ಮದಲ್ಲದ ಸಾಲ ಇದ್ದರೆ ದೂರು ಕೊಡಿ. 30 ದಿನದೊಳಗೆ ಸರಿಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ನಿಯಮ ಮಾಡಿದೆ. ಊರಿನ ಓದಿದ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅರ್ಧ ತಾಸಿನ ಕೆಲಸ.

ಯಂತ್ರವೇ ಬೇಡ ಅಂತ ನಾನು ಹೇಳುವುದಿಲ್ಲ. ಮುಖ ನೋಡಿ, ಓಣಿ ನೋಡಿ, ಚಹಾ ಕುಡಿಸಿದವನಿಗೆ ಸಾಲ ಬರೆಯುತ್ತಿದ್ದ ಕಾಲವನ್ನೂ ಕಂಡಿದ್ದೇನೆ. ಯಂತ್ರ ಚಹಾ ಕೇಳುವುದಿಲ್ಲ, ಅದು ನಿಜ. ಆದರೆ ಮುಖ ನೋಡುತ್ತಿದ್ದವನನ್ನು ಕಟ್ಟೆಯ ಮೇಲೆ ಹಿಡಿದು ಕೇಳಬಹುದಿತ್ತು. ನಮ್ಮಲ್ಲೂ ಕಾನೂನು ಬಂದರೆ ಅದರಲ್ಲಿ ಇಷ್ಟಾದರೂ ಇರಲಿ ಅನ್ನಿಸುತ್ತದೆ. ಕಾರ್ಡು, ಪಿಂಚಣಿ, ವಿಮೆ ಕಡಿಯುವ ಮೊದಲೇ ನೋಟಿಸು, ಅದೂ ಕನ್ನಡದಲ್ಲಿ. ಯಂತ್ರದ ಮಾತನ್ನು ತಳ್ಳಿಹಾಕುವ ಅಧಿಕಾರ ಇರುವ ಒಬ್ಬ ಮನುಷ್ಯ, ತಾಲ್ಲೂಕಿನಲ್ಲೇ. ಒಣಬೇಸಾಯದವರಿಗೆ ಎಷ್ಟು, ನೀರಾವರಿಯವರಿಗೆ ಎಷ್ಟು, ಊರಿಗೆ ಎಷ್ಟು, ಕೇರಿಗೆ ಎಷ್ಟು ಅಂತ ವರ್ಷಕ್ಕೊಮ್ಮೆ ಲೆಕ್ಕ ಹೊರಗಿಡಬೇಕು. ‘ಅದು ವ್ಯಾಪಾರದ ಗುಟ್ಟು ಅಂತಾರಪ್ಪ’ ಅಂದಳು ಮಗಳು. ಜರಡಿ ಮಾಡುವ ವಿದ್ಯೆ ಅವನ ಗುಟ್ಟಾಗಿರಲಿ, ತೂತಿನಿಂದ ಬಿದ್ದದ್ದು ಯಾರ ಕಾಳು ಅಂತ ಹೇಳಲು ಏನಡ್ಡಿ?

ಅಂದ ಹಾಗೆ, ನನ್ನ ಸಾಲದ ವರದಿಯನ್ನು ಮಗಳು ತೆಗೆಸಿ ಕೊಟ್ಟಳು. ಅದರಲ್ಲಿ ನನ್ನ ಹೆಸರಿನಲ್ಲಿ ಬಾಕಿ ಒಂದೂ ಇಲ್ಲ. ಅದರ ನಕಲು ಲಗತ್ತಿಸಿ, ಕಾರಣ ತಿಳಿಸಿ ಅಂತ ಆ ಕಂಪನಿಗೆ ರಿಜಿಸ್ಟರ್ ಪೋಸ್ಟ್ ಹಾಕಿದ್ದೇನೆ. ಇನ್ನೊಂದು ಎಮ್ಮೆಗೆ ಈ ಸಲ ಬ್ಯಾಂಕಿಗೇ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡಿದ್ದೇನೆ. ಎರಡರಲ್ಲಿ ಯಾವುದಕ್ಕೆ ಉತ್ತರ ಬಂದರೂ ಇದೇ ಪುಟದಲ್ಲಿ ಬರೆದು ತಿಳಿಸುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ‘ಸಿಸ್ಟಮ್ ತಗೊಳ್ಳವಲ್ದು’ ಅನ್ನುವ ಉತ್ತರ ಸಿಕ್ಕಿದ್ದರೆ, ತಾರೀಖು, ಅರ್ಜಿ ಯಾವುದು, ನಿಮ್ಮ ಜಮೀನು ಒಣಬೇಸಾಯವೋ ನೀರಾವರಿಯೋ ಅಷ್ಟು ಬರೆದು ಪತ್ರಿಕೆಗೆ ಒಂದು ಕಾರ್ಡು ಹಾಕಿ.